ಫ್ಯೂಸ್ ಇತ್ತು, ಆದ್ರೆ ತಪ್ಪು ತುದೀಲಿತ್ತು: ಕಾರ್ ಬ್ಯಾಟರಿಯಿಂದ ಕೈ ರೇಡಿಯೊ, ವಾಕಿಟಾಕಿಗೆ ಕರೆಂಟ್ ಕೊಡೋ ಮುಂಚೆ ಇದನ್ನ ಓದಿ

ಹಾರೋಹಳ್ಳಿ: ಕಳೆದ ಮಳೆಗಾಲದಲ್ಲಿ ನಮ್ಮ ಸೋದರಮಾವನ ಆಲ್ಟೊ ಕಾರು ಬಸ್ ಸ್ಟ್ಯಾಂಡ್ ಹತ್ತಿರ ಹೊಗೆ ಬಿಟ್ಟಿತು. ಹಿಂದಿನ ಸೀಟಲ್ಲಿ ಅಂಗಡಿಗೆ ತಂದಿದ್ದ ಎಣ್ಣೆ ಪ್ಯಾಕೆಟ್ಟಿನ ಬಾಕ್ಸ್ ಇತ್ತು, ಮುಂದಿನ ಸೀಟಲ್ಲಿ ನಾನಿದ್ದೆ. ಮೊದಲು ಸುಟ್ಟ ಪ್ಲಾಸ್ಟಿಕ್ ವಾಸನೆ, ಆಮೇಲೆ ಡ್ಯಾಶ್‌ಬೋರ್ಡ್ ಕೆಳಗಿನಿಂದ ಬಿಳಿ ಹೊಗೆ. ಮಾವ ಕೀ ಆಫ್ ಮಾಡಿದರೂ ಹೊಗೆ ನಿಲ್ಲಲಿಲ್ಲ. ನಾನು ಬುದ್ಧಿ ಇಲ್ಲದೆ ಆ ವೈರನ್ನ ಕೈಯಲ್ಲೇ ಹಿಡಿದು ಎಳೆದೆ. ವೈರ್ ಕಿತ್ತು ಬಂತು, ಎರಡು ಬೆರಳಿನ ಚರ್ಮವೂ ಅದರ ಜೊತೆ ಹೋಯ್ತು. ಗಾಡಿ ಉಳೀತು.

ಆ ವೈರ್ ಎಳೆದಿದ್ದು ಯಾವ ಮೆಕ್ಯಾನಿಕ್ಕೂ ಅಲ್ಲ, ನಾನೇ. ನನ್ನ ಹತ್ತಿರ ಸ್ಕ್ಯಾನ್ ಬಟನ್ ಇರೋ ಒಂದು ಕೈ ರೇಡಿಯೊ ಇದೆ. ಬಟನ್ ಒತ್ತಿದರೆ ಸ್ಟೇಷನ್ನಿಂದ ಸ್ಟೇಷನ್ನಿಗೆ ತಾನೇ ಹಾರ್ತಾ ಹೋಗಿ, ಎಲ್ಲಿ ಧ್ವನಿ ಸಿಗುತ್ತೋ ಅಲ್ಲಿ ನಿಲ್ಲುತ್ತೆ. ನಾಲ್ಕು ಸೆಲ್ಲು ಬೇಕು. ದಿನಾ ಸೆಲ್ಲು ತರೋ ಖರ್ಚು ಉಳಿಸೋಣ ಅಂತ ಕಾರಿನ ಬ್ಯಾಟರಿಯಿಂದ ನೇರ ಒಂದು ವೈರ್ ತಂದು, ಸೀಟಿನ ಪಕ್ಕ ಲೈಟರ್ ಸಾಕೆಟ್ ಕೂರಿಸಿ, ಅದಕ್ಕೆ 6 ವೋಲ್ಟಿನ ಅಡಾಪ್ಟರ್ ಚುಚ್ಚಿದ್ದೆ. ಆ ಅಡಾಪ್ಟರಿನ ಮೂತಿಯೊಳಗೆ ಚಿಕ್ಕ ಗ್ಲಾಸ್ ಫ್ಯೂಸ್ ಕೂಡ ಇತ್ತು. ಹಾಗಾಗಿ ನಾನು ಧೈರ್ಯವಾಗಿದ್ದೆ.

ಈಗ ಹಾರೋಹಳ್ಳಿ ಸುತ್ತಮುತ್ತ ಇಂಥ ವೈರ್ ಎಷ್ಟೋ ಗಾಡಿಯಲ್ಲಿ ಕಾಣುತ್ತೆ. ಕೈಗಾರಿಕಾ ಪ್ರದೇಶದ ಸೆಕ್ಯುರಿಟಿ ಗಾಡಿಗಳಲ್ಲಿ, ಕ್ರೇನ್‌ಗಳಲ್ಲಿ ವಾಕಿಟಾಕಿ ಚಾರ್ಜಿಗೆ, ಶಾಮಿಯಾನದವರ ಟೆಂಪೊದಲ್ಲಿ, ಹಳೇ ರೇಡಿಯೊ ಬಿಡದ ಹಿರಿಯರ ಕಾರಲ್ಲಿ. ಕೆಲವರು ಸರಿಯಾಗೇ ಮಾಡಿದ್ದಾರೆ. ಕೆಲವರು ನನ್ನ ಥರ.

ಏನಾಯ್ತು ಅಂದ್ರೆ

ಬಾನೆಟ್ ಕೆಳಗಿರೋ ಬ್ಯಾಟರಿಯಿಂದ ಕಾರಿನ ಒಳಗೆ ವೈರ್ ಬರಬೇಕಾದರೆ ಮಧ್ಯೆ ಒಂದು ತಗಡಿನ ಗೋಡೆ ದಾಟಬೇಕು. ಅದರಲ್ಲಿ ಕಂಪನಿಯವರೇ ಬಿಟ್ಟ ತೂತುಗಳಿವೆ, ತೂತಿಗೆ ರಬ್ಬರ್ ಬುಷ್ ಇರುತ್ತೆ. ನಾನು ಬುಷ್ ಇಲ್ಲದ ತೂತಿನಲ್ಲಿ ವೈರ್ ತೂರಿಸಿದ್ದೆ. ಕನಕಪುರ ರಸ್ತೆಯ ಹಂಪುಗಳ ಮೇಲೆ ಗಾಡಿ ಅಲ್ಲಾಡಿ ಅಲ್ಲಾಡಿ, ತಗಡಿನ ಅಂಚು ವೈರಿನ ಪ್ಲಾಸ್ಟಿಕ್ಕನ್ನ ಬ್ಲೇಡಿನ ಹಾಗೆ ಕೊಯ್ತು. ಒಳಗಿನ ತಾಮ್ರ ಬಾಡಿಗೆ ತಾಗ್ತು.

ಕಾರಿನ ಬಾಡಿ ಪೂರ್ತಿ ಬ್ಯಾಟರಿಯ ನೆಗೆಟಿವ್. ನಮ್ಮ ಎಲೆಕ್ಟ್ರಿಷಿಯನ್ನುಗಳು ಅದನ್ನ ಬಾಡಿ ಅರ್ಥ್ ಅಂತಾರೆ. ಪಾಸಿಟಿವ್ ವೈರು ಬಾಡಿಗೆ ತಾಗಿದರೆ ಅದೇ ಶಾರ್ಟ್. ನಾನು ಹಾಕಿದ್ದು ತೆಳು ವೈರು. ಎರಡು ಮೀಟರ್ ಅಷ್ಟು ತೆಳು ತಾಮ್ರದ ತಡೆ ಒಂದು ಓಮ್‌ನ ಹತ್ತನೇ ಒಂದು ಭಾಗಕ್ಕಿಂತ ಕಮ್ಮಿ. 12 ವೋಲ್ಟನ್ನ ಅದರಿಂದ ಭಾಗಿಸಿ ನೋಡಿ, ನೂರು ಆಂಪಿಯರಿಗೂ ಮೇಲೆ ಬರುತ್ತೆ. ನನ್ನ ರೇಡಿಯೊ ಕೇಳೋದು 0.2 ಆಂಪಿಯರ್.

ಜನ ಎಡವೋದೇ ಇಲ್ಲಿ. 12 ವೋಲ್ಟ್ ಅಂದ್ರೆ ಶಾಕ್ ಹೊಡೆಯಲ್ಲ, ಮುಟ್ಟಿದರೂ ಏನಾಗಲ್ಲ, ಆದ್ದರಿಂದ ಸೇಫು ಅನ್ನೋ ಲೆಕ್ಕ. ಶಾಕ್ ಹೊಡೆಯಲ್ಲ ಅನ್ನೋದು ನಿಜ. ಆದರೆ ಸೆಲ್ಫ್ ಮೋಟರ್ ತಿರುಗಿಸೋಕೆ ನೂರಾರು ಆಂಪಿಯರ್ ಒಂದೇ ಏಟಿಗೆ ಕೊಡೋ ಹಾಗೆ ಆ ಬ್ಯಾಟರಿ ಮಾಡಿರೋದು. ಕೆರೆ ತೂಬು ಕಿತ್ತು ಹೋದ್ರೆ, ನಿಮ್ಮ ಪಾತಿಗೆ ಒಂದು ಬಿಂದಿಗೆ ನೀರು ಸಾಕಿತ್ತು ಅಂತ ಕೆರೆ ಕೇಳುತ್ತಾ?

ಹಾಗಾದ್ರೆ ಅಡಾಪ್ಟರ್ ಒಳಗಿದ್ದ ಫ್ಯೂಸ್ ಯಾಕೆ ಹೋಗಲಿಲ್ಲ? ಶಾರ್ಟ್ ಆಗಿದ್ದು ಬ್ಯಾಟರಿಗೂ ಸಾಕೆಟ್ಟಿಗೂ ಮಧ್ಯೆ. ಕರೆಂಟು ಬ್ಯಾಟರಿಯಿಂದ ಹೊರಟು, ತಗಡಿನ ಹತ್ತಿರವೇ ತಿರುಗಿ ವಾಪಸ್ ಹೋಯ್ತು. ಫ್ಯೂಸ್ ತನಕ ಅದು ಬರಲೇ ಇಲ್ಲ. ಕೀ ಆಫ್ ಮಾಡಿದ್ರೂ ನಿಲ್ಲಲಿಲ್ಲ, ಯಾಕಂದ್ರೆ ನೇರ ಬ್ಯಾಟರಿಗೆ ಹಾಕಿದ ವೈರಿಗೆ ಕೀ ಲೆಕ್ಕಕ್ಕೇ ಇಲ್ಲ. ತಮಾಷೆ ಏನು ಗೊತ್ತಾ, ಗಾಡಿ ಸುಡೋ ಹಾಗಾಯ್ತು, ರೇಡಿಯೊಗೆ ಒಂದು ಗೀರೂ ಆಗಲಿಲ್ಲ. ಅದು ಇವತ್ತಿಗೂ ಹಾಡ್ತಾ ಇದೆ.

ಆ ದಿನ ಸಂಜೆ ಗಾಡಿ ನೋಡಿದ ಎಲೆಕ್ಟ್ರಿಷಿಯನ್ ಅಣ್ಣ ಸುಟ್ಟ ವೈರ್ ಕೈಗೆ ಕೊಟ್ಟು ಹೇಳಿದ್ದು ಇಷ್ಟೇ: "ನೋಡಪ್ಪ, ಫ್ಯೂಸ್ ಇರೋದು ರೇಡಿಯೊ ಕಾಯೋಕಲ್ಲ, ವೈರ್ ಕಾಯೋಕೆ. ಕರೆಂಟು ಎಲ್ಲಿ ಹುಟ್ಟುತ್ತೋ ಅಲ್ಲೇ ಕಾವಲು ಕೂರಿಸ್ಬೇಕು."

ಬ್ಯಾಟರಿಯಿಂದ ಒಂದು ಗೇಣು

ಅಂದ್ರೆ ಬ್ಯಾಟರಿಯ ಪಾಸಿಟಿವ್ ಟರ್ಮಿನಲ್‌ನಿಂದ ಒಂದು ಗೇಣಿನ ಒಳಗೆ ಫ್ಯೂಸ್ ಇರಬೇಕು. ಆ ಗೇಣಿನ ವೈರಿಗೆ ಕಾವಲಿಲ್ಲ, ಆದ್ದರಿಂದ ಅದು ಎಷ್ಟು ಗಿಡ್ಡ ಇದ್ದರೆ ಅಷ್ಟು ಒಳ್ಳೆಯದು. ಫ್ಯೂಸ್ ದಾಟಿದ ಮೇಲೆ ವೈರ್ ಎಲ್ಲಿ ಉಜ್ಜಿ ಶಾರ್ಟ್ ಆದರೂ ಫ್ಯೂಸ್ ಹಾರುತ್ತೆ, ಕತೆ ಅಲ್ಲಿಗೆ ಮುಗೀತು.

ಎಷ್ಟು ಆಂಪಿಯರ್ ಫ್ಯೂಸ್ ಹಾಕಬೇಕು? ರೇಡಿಯೊ ಬರೀ ಕೇಳಿಸ್ಕೊಳ್ಳೋಕೆ ಅರ್ಧ ಆಂಪಿಯರೂ ತಗೊಳ್ಳಲ್ಲ. 5 ವ್ಯಾಟಿನ ವಾಕಿಟಾಕಿಯಲ್ಲಿ ಮಾತಾಡುವಾಗ ಬ್ಯಾಟರಿ ಕಡೆಯಿಂದ ಸುಮಾರು ಒಂದು ಆಂಪಿಯರ್. ಹಾಗಾಗಿ 2 ಅಥವಾ 3 ಆಂಪಿಯರ್ ಫ್ಯೂಸ್, 1 ಸ್ಕ್ವೇರ್ ಎಂಎಂ ವೈರ್ ಧಾರಾಳ. ಕಾರಿಗೆ ಹಾಕೋ ಬ್ಲೇಡ್ ಫ್ಯೂಸಿನಲ್ಲಿ 2 ಆಂಪಿಯರ್ ಬೂದು ಬಣ್ಣ, 3 ನೇರಳೆ, 10 ಕೆಂಪು, 15 ನೀಲಿ, 20 ಹಳದಿ. 'ಪದೇ ಪದೇ ಫ್ಯೂಸ್ ಹೋಗುತ್ತೆ' ಅಂತ ನೇರಳೆ ತೆಗೆದು ಹಳದಿ ಹಾಕೋರು ಇದ್ದಾರೆ. ಫ್ಯೂಸ್ ಪದೇ ಪದೇ ಹೋಗ್ತಿದೆ ಅಂದ್ರೆ ವೈರ್ ಎಲ್ಲೋ ಉಜ್ಜಿದೆ ಅಂತ ಅರ್ಥ. ದೊಡ್ಡ ಫ್ಯೂಸ್ ಹಾಕಿದರೆ ವೈರೇ ಫ್ಯೂಸ್ ಆಗುತ್ತೆ. ಸಿಗರೇಟು ಪ್ಯಾಕಿನ ಬೆಳ್ಳಿ ಹಾಳೆ, ತಾಮ್ರದ ಎಳೆ ಸುತ್ತೋ ವಿದ್ಯೆ ಬಗ್ಗೆ ನಾನು ಏನೂ ಹೇಳಲ್ಲ. ಫ್ಯೂಸ್ ಹೋಲ್ಡರ್, ಫ್ಯೂಸ್, ರಬ್ಬರ್ ಬುಷ್ ಮೂರೂ ಸೇರಿ ಮನೆಮಂದಿ ಒಂದ್ಸಲ ದೋಸೆ ತಿಂದಷ್ಟೂ ಖರ್ಚಾಗಲ್ಲ.

ಕೆಲಸ ಮಾಡುವಾಗ ಮೊದಲು ನೆಗೆಟಿವ್ ಟರ್ಮಿನಲ್ ಬಿಚ್ಚಿ, ಕೊನೆಗೆ ಅದನ್ನೇ ಹಾಕಿ. ಪಾಸಿಟಿವ್ ಮೊದಲು ಬಿಚ್ಚೋಕೆ ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ಸ್ಪ್ಯಾನರೇ ವೆಲ್ಡಿಂಗ್ ರಾಡ್. ವೈರನ್ನ ಪೆಡಲ್ ಹತ್ತಿರ, ಸ್ಟೇರಿಂಗ್ ಕಂಬದ ಹತ್ತಿರ, ಏರ್‌ಬ್ಯಾಗ್ ಅಂತ ಬರೆದಿರೋ ಕಡೆ ಎಳೀಬೇಡಿ. ಒಳಗಿನ ಫ್ಯೂಸ್ ಬಾಕ್ಸಿನಲ್ಲಿ ಯಾವುದೋ ಫ್ಯೂಸಿನ ಕಾಲಿಗೆ ವೈರ್ ಸುತ್ತಿ ಕರೆಂಟ್ ಕದಿಯೋದು ಬೇಡ. ಅದು ಬ್ರೇಕಿನ ಎಬಿಎಸ್ಸಿನದೋ, ಏರ್‌ಬ್ಯಾಗಿನದೋ ಆಗಿದ್ರೆ? ಎಲೆಕ್ಟ್ರಿಕ್ ಕಾರಿನಲ್ಲೂ ಬೇರೆಯಾಗಿ ಒಂದು 12 ವೋಲ್ಟಿನ ಬ್ಯಾಟರಿ ಇರುತ್ತೆ. ಆದರೆ ಆ ಗಾಡಿಯಲ್ಲಿ ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಕೈ ಹಿಂದಕ್ಕೆ ತಗೊಳ್ಳಿ, ಅದರಲ್ಲಿರೋದು ಪ್ರಾಣ ತೆಗೆಯೋ ವೋಲ್ಟೇಜ್.

12 ವೋಲ್ಟ್ ಅಂತಾರೆ, 12 ಇರಲ್ಲ

ಫ್ಯೂಸ್ ಗಾಡಿ ಉಳಿಸುತ್ತೆ. ರೇಡಿಯೊ ಉಳಿಯಬೇಕಾದರೆ ಬೇರೆ ಲೆಕ್ಕ ಬೇಕು, ಅದು ವೋಲ್ಟೇಜಿನ ಲೆಕ್ಕ. ಈ ಎರಡನ್ನೂ ಒಂದೇ ಅಂದ್ಕೊಂಡವರು ಮೊಬೈಲ್ ರಿಪೇರಿ ಅಂಗಡಿಗೆ ಸತ್ತ ವಾಕಿಟಾಕಿ ಹಿಡ್ಕೊಂಡು ಬರ್ತಾರೆ. 'ಫ್ಯೂಸ್ ಹಾಕಿದ್ದೆ ಅಣ್ಣ' ಅಂತಾರೆ. 6 ವೋಲ್ಟಿನ ತೂತಿಗೆ 14 ವೋಲ್ಟ್ ನುಗ್ಗಿದರೆ ಒಳಗಿನ ಚಿಪ್ಪು ಸಾಯೋಕೆ ಕಣ್ಣು ಮಿಟುಕಿಸೋ ಹೊತ್ತು ಸಾಕು. ಫ್ಯೂಸಿಗೆ ಅಷ್ಟು ಬೇಗ ಬಿಸಿಯೇ ಆಗಿರಲ್ಲ.

ಒಂದು ಮಲ್ಟಿಮೀಟರ್ ತಗೊಂಡು ಬ್ಯಾಟರಿಗೆ ಇಟ್ಟು ನೋಡಿ. ರಾತ್ರಿ ಪೂರ್ತಿ ನಿಂತ ಗಾಡಿಯ ಒಳ್ಳೆ ಬ್ಯಾಟರಿ 12.6 ವೋಲ್ಟ್ ಸುತ್ತ ತೋರಿಸುತ್ತೆ. ಒಳಗೆ ಆರು ಸೆಲ್ಲು, ಒಂದೊಂದು 2.1. ಸೆಲ್ಫ್ ಹೊಡೆದ ಕ್ಷಣ ಹತ್ತಕ್ಕೋ ಅದಕ್ಕೂ ಕೆಳಗೋ ಬೀಳುತ್ತೆ. ಎಂಜಿನ್ ಓಡೋಕೆ ಶುರುವಾದರೆ ಡೈನಮೋ ಅದನ್ನ 13.8ರಿಂದ 14.4ರ ತನಕ ಏರಿಸುತ್ತೆ. ಇಷ್ಟೂ ಏರಿಳಿತ ನಿಮ್ಮ ರೇಡಿಯೊ ನೋಡಬೇಕು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಡೈನಮೋ ಚಾರ್ಜ್ ಮಾಡ್ತಿದೆಯಾ ಅಂತ ನೋಡೋಕೆ ಕೆಲವು ಹಳೇ ಕೈಗಳು ಎಂಜಿನ್ ಓಡ್ತಿರುವಾಗಲೇ ಬ್ಯಾಟರಿ ಟರ್ಮಿನಲ್ ಕೀಳ್ತಾರೆ. ಗಾಡಿ ಆಫ್ ಆಗಲಿಲ್ಲ ಅಂದ್ರೆ ಡೈನಮೋ ಓಕೆ ಅಂತೆ. ಬ್ಯಾಟರಿ ಅನ್ನೋದು ಡೈನಮೋಗೆ ಮೂಗುದಾರ ಇದ್ದ ಹಾಗೆ. ಅದನ್ನ ಬಿಚ್ಚಿದ ಕ್ಷಣ ವೋಲ್ಟೇಜ್ ಹಲವು ಪಟ್ಟು ಜಿಗಿಯಬಹುದು, ಹತ್ತಾರು ವೋಲ್ಟ್ ಮೇಲಕ್ಕೆ. ಹಳೇ ಅಂಬಾಸಿಡರ್ ಕಾಲಕ್ಕೆ ಇದು ನಡೀತಿತ್ತು. ಈಗಿನ ಗಾಡಿಯ ಕಂಪ್ಯೂಟರೂ ಹೋಗಬಹುದು, ಸಾಕೆಟ್ಟಲ್ಲಿದ್ದ ನಿಮ್ಮ ರೇಡಿಯೊನೂ ಹೋಗಬಹುದು. ಗ್ಯಾರೇಜಿಗೆ ಗಾಡಿ ಬಿಡುವಾಗ, ಜಂಪ್ ಸ್ಟಾರ್ಟ್ ಮಾಡುವಾಗ ಚುಚ್ಚಿರೋದನ್ನೆಲ್ಲ ಕಿತ್ತಿಡಿ.

ರೇಡಿಯೊ ಹಿಂದೆ ಅಥವಾ ಪಿನ್ ತೂತಿನ ಪಕ್ಕ ಬರೆದಿರುತ್ತೆ: ಡಿಸಿ 6 ವೋಲ್ಟ್, 9 ವೋಲ್ಟ್, 5 ವೋಲ್ಟ್ ಅಂತ. ಅದರ ಪಕ್ಕದಲ್ಲೇ ಒಂದು ಚಿಕ್ಕ ಚಿತ್ರ: ಮಧ್ಯೆ ಚುಕ್ಕಿ, ಸುತ್ತ ಅರ್ಧ ಚಂದ್ರ, ಎರಡಕ್ಕೂ ಪ್ಲಸ್ ಮೈನಸ್. ಪಿನ್ನಿನ ಒಳಗೆ ಪ್ಲಸ್ ಇರಬೇಕಾ, ಹೊರಗಾ ಅನ್ನೋದನ್ನ ಅದು ಹೇಳುತ್ತೆ. ಎಲ್ಲ ರೇಡಿಯೊನೂ ಒಂದೇ ಥರ ಇರಲ್ಲ. ಲೈಟರ್‌ಗೆ ಚುಚ್ಚೋ ಹಳೇ ಅಡಾಪ್ಟರುಗಳಲ್ಲಿ 3, 4.5, 6, 9, 12 ಅಂತ ಜಾರೋ ಸ್ವಿಚ್ ಇರುತ್ತೆ, ಬೆರಳು ತಾಗಿದರೆ ಆರರಿಂದ ಒಂಬತ್ತಕ್ಕೆ ಹೋಗುತ್ತೆ. ಸ್ವಿಚ್ಚನ್ನ ಸರಿಯಾದ ಜಾಗದಲ್ಲಿಟ್ಟು ಮೇಲೆ ಟೇಪ್ ಸುತ್ತಿ. ಎಂಜಿನ್ ಆನ್ ಮಾಡಿ, ರೇಡಿಯೊಗೆ ಚುಚ್ಚೋ ಮುಂಚೆ ಮೀಟರಲ್ಲಿ ನೋಡಿ. 6ಕ್ಕೆ ಇಟ್ಟಾಗ 6ರ ಹತ್ತಿರ ಬಂದ್ರೆ ಸರಿ. ಹತ್ತು ಹನ್ನೊಂದು ತೋರಿಸಿದರೆ ಆ ಅಡಾಪ್ಟರ್ ಈ ಕೆಲಸಕ್ಕೆ ಬೇಡ.

ವಾಕಿಟಾಕಿ ಬಳಸೋರಿಗೆ ಇಲ್ಲಿ ಒಂದು ಮಾತು. ಅದರ ಬ್ಯಾಟರಿ ಹೆಚ್ಚಾಗಿ 7.4 ವೋಲ್ಟಿನ ಲಿಥಿಯಂ, ಪೂರ್ತಿ ಚಾರ್ಜ್ ಆದಾಗ 8.4. ಅದರ ಹಿತ್ತಾಳೆ ಚುಕ್ಕಿಗಳಿಗೆ ಕಾರಿನ ವೈರ್ ನೇರ ತಾಗಿಸಿ ಚಾರ್ಜ್ ಮಾಡೋಕೆ ಹೋದರೆ ಬ್ಯಾಟರಿ ಊದಿಕೊಳ್ಳುತ್ತೆ, ಬೆಂಕಿನೂ ಹತ್ತಬಹುದು. ಅದೇ ಸೆಟ್ಟಿಗೆ ಅಂತ ಮಾಡಿದ ಕಾರ್ ಚಾರ್ಜರ್ ತಗೊಳ್ಳಿ. ಬ್ಯಾಟರಿ ಜಾಗಕ್ಕೇ ಕೂರೋ ಡಮ್ಮಿ ಪ್ಯಾಕ್ ಬರುತ್ತೆ, ಅದರ ಬಾಲಕ್ಕೆ ಲೈಟರ್ ಪಿನ್ ಇರುತ್ತೆ, ಅದೂ ಆಗುತ್ತೆ. ಏಪ್ರಿಲ್ ಬಿಸಿಲಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಲಿಥಿಯಂ ಬ್ಯಾಟರಿ ಬಿಡಬೇಡಿ.

ಲಾರಿ, ಬಸ್ಸಿನವರು ಇನ್ನೂ ಹುಷಾರಾಗಿರಬೇಕು. ಅಲ್ಲಿ ಎರಡು ಬ್ಯಾಟರಿ ಸಾಲಾಗಿ ಸೇರಿ 24 ವೋಲ್ಟ್, ಓಡುವಾಗ 28ರ ಹತ್ತಿರ. 12 ವೋಲ್ಟಿನ ಅಡಾಪ್ಟರ್ ಅಲ್ಲಿ ಸತ್ತೇ ಹೋಗುತ್ತೆ. ಅದಕ್ಕೆ ಕೆಲವು ಡ್ರೈವರುಗಳು ಒಂದು ಬ್ಯಾಟರಿಯಿಂದ ಮಾತ್ರ ವೈರ್ ತೆಗೆದು 12 ಮಾಡ್ಕೊಳ್ತಾರೆ. ರೇಡಿಯೊ ಹಾಡುತ್ತೆ, ಆದರೆ ಆ ಒಂದು ಬ್ಯಾಟರಿ ದಿನಾ ಇನ್ನೊಂದಕ್ಕಿಂತ ಜಾಸ್ತಿ ಖಾಲಿ ಆಗುತ್ತೆ. ಡೈನಮೋ ಎರಡನ್ನೂ ಒಟ್ಟಿಗೇ ತುಂಬೋದರಿಂದ ಇದು ಅರೆಹೊಟ್ಟೆ, ಅದಕ್ಕೆ ಅಜೀರ್ಣ. ಕೊನೆಗೆ ಎರಡೂ ಬೇಗ ಹೋಗ್ತವೆ. 24ರಿಂದ 12 ಮಾಡೋ ಕನ್ವರ್ಟರ್ ಹಾಕಿಸೋದೇ ಕಡಿಮೆ ಖರ್ಚು.

ಅಂಗಡಿಯವರಿಗೆ ಬರೋ ತಾಪತ್ರಯ

ಬೆಳಿಗ್ಗೆ ಮಾಲು ತರೋಕೆ ಹೊರಟರೆ ಸೆಲ್ಫ್ ತಗೊಳ್ಳಲ್ಲ. ಯಾಕೆ ಅಂತ ನೋಡಿದ್ರೆ ರೇಡಿಯೊ ರಾತ್ರಿಯೆಲ್ಲ ಆನ್ ಇತ್ತು. ಲೆಕ್ಕ ಹಾಕೋಣ. ಚಿಕ್ಕ ಕಾರಿನ ಬ್ಯಾಟರಿ 35 ಆಂಪಿಯರ್-ಅವರ್. 0.2 ಆಂಪಿಯರಿನ ರೇಡಿಯೊ 24 ಗಂಟೆಗೆ 4.8 ತಿನ್ನುತ್ತೆ. ಹೊಸ ಬ್ಯಾಟರಿ ಒಂದು ರಾತ್ರಿ, ಎರಡು ರಾತ್ರಿ ತಡೆಯುತ್ತೆ. ನಾಲ್ಕು ದಿನ ಗಾಡಿ ತೆಗೀಲಿಲ್ಲ ಅಂದ್ರೆ ಅರ್ಧಕ್ಕಿಂತ ಹೆಚ್ಚು ಖಾಲಿ. ಬ್ಯಾಟರಿಗೆ ಮೂರು ವರ್ಷ ಆಗಿದ್ರೆ ಅಷ್ಟೂ ತಡೆಯಲ್ಲ. ರೇಡಿಯೊ ಆಫ್ ಮಾಡಿದರೂ ಅಡಾಪ್ಟರಿನ ಕೆಂಪು ದೀಪ ಸ್ವಲ್ಪ ಸ್ವಲ್ಪ ಹೀರ್ತಾ ಇರುತ್ತೆ. ಕೀ ಆಫ್ ಆದರೆ ಆಫ್ ಆಗೋ ಸಾಕೆಟ್ಟೇ ಇದಕ್ಕೆ ಮದ್ದು. ಎಷ್ಟೋ ಗಾಡಿಯಲ್ಲಿ ಕಂಪನಿ ಕೊಟ್ಟ ಲೈಟರ್ ಸಾಕೆಟ್ ಹಾಗೇ ಇರುತ್ತೆ, ಅದಕ್ಕೆ ಫ್ಯೂಸೂ ಮೊದಲೇ ಇರುತ್ತೆ.

ಹಾಗಾದ್ರೆ ನೀನ್ಯಾಕೆ ವೈರ್ ಎಳೆದೆ ಅಂತ ಕೇಳಬಹುದು. ಮಾವನ ಕಾರಿನ ಸಾಕೆಟ್ ಸಡಿಲ ಆಗಿತ್ತು. ಸಾಕೆಟ್ ಬದಲಾಯಿಸೋ ಬದಲು ಕಾರಿಗೇ ಬೈಪಾಸ್ ಆಪರೇಷನ್ ಮಾಡಿದೆ.

ಇನ್ನೊಂದು ತಾಪತ್ರಯ ಸದ್ದು. ಆಕ್ಸಿಲರೇಟರ್ ಒತ್ತಿದಷ್ಟೂ 'ಊಂ' ಅಂತ ಏರೋ ಸದ್ದು ಡೈನಮೋದ್ದು. ಒಂದೇ ಸಮನೆ 'ಜಂಯ್' ಅನ್ನೋದು ಅಗ್ಗದ ಯುಎಸ್‌ಬಿ ಚಾರ್ಜರಿಂದು. ಪತ್ತೆ ಮಾಡೋದು ಸುಲಭ: ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಹಾಕಿ, ಚಾರ್ಜರನ್ನ ಚುಚ್ಚಿ ಒಂದ್ಸಲ, ಕಿತ್ತು ಒಂದ್ಸಲ ಕೇಳಿ. ವ್ಯತ್ಯಾಸ ಇದ್ರೆ ಬೇರೆ ಚಾರ್ಜರ್ ಹಾಕಿ ನೋಡಿ. ಲ್ಯಾಪ್‌ಟಾಪ್ ಚಾರ್ಜರ್ ವೈರಿನ ತುದಿಯಲ್ಲಿ ಗುಂಡಗೆ ಉಬ್ಬಿರುತ್ತಲ್ಲ, ಅದು ಫೆರೈಟ್. ಅಂಥದ್ದೇ ಕ್ಲಿಪ್ ಬಿಡಿಯಾಗಿ ಸಿಗುತ್ತೆ. ರೇಡಿಯೊ ಹತ್ತಿರ ವೈರಿಗೆ ಹಾಕಿದರೆ ಸದ್ದು ಸುಮಾರು ಕಡಿಮೆ ಆಗುತ್ತೆ.

ನನ್ನ ಕೇಳೋದಾದ್ರೆ, ವೈರೇ ಬೇಡ. ರೇಡಿಯೊಗೆ ಯುಎಸ್‌ಬಿ ತೂತು ಇದ್ದರೆ ಒಳ್ಳೆ ಕಾರ್ ಚಾರ್ಜರಿಂದ ನೇರ ಕೊಡಿ. ಇಲ್ಲ ಅಂದ್ರೆ ರೀಚಾರ್ಜ್ ಆಗೋ ಸೆಲ್ಲು ಎರಡು ಜೊತೆ ಇಟ್ಕೊಂಡು, ಒಂದು ಜೊತೆ ಕಾರಲ್ಲಿ ಚಾರ್ಜ್ ಆಗ್ತಿರಲಿ, ಇನ್ನೊಂದು ರೇಡಿಯೊದಲ್ಲಿರಲಿ. ಅಡಾಪ್ಟರ್ ಹಾಕುವಾಗ ಮಾಮೂಲಿ ಸೆಲ್ಲನ್ನ ಒಳಗೆ ಬಿಡಬೇಡಿ. ಕೆಲವು ಸೆಟ್ಟುಗಳಲ್ಲಿ ಪಿನ್ ಚುಚ್ಚಿದರೂ ಸೆಲ್ಲಿನ ಸಂಪರ್ಕ ತಪ್ಪಲ್ಲ. ಚಾರ್ಜ್ ಆಗಬಾರದ ಸೆಲ್ಲು ಬಿಸಿಯಾಗಿ ಸೋರುತ್ತೆ.

ಯಾವುದು ಕೇಳಬಹುದು, ಯಾವುದು ಕೇಳಬಾರದು

ಇದನ್ನ ಹೇಳದೆ ಬಿಟ್ಟರೆ ತಪ್ಪಾಗುತ್ತೆ. ಸುದ್ದಿ ಮಾಡೋ ಹುಡುಗರಿಗೆ ಒಂದು ಆಸೆ ಇರುತ್ತೆ: ಪೊಲೀಸ್ ವೈರ್‌ಲೆಸ್ ಕೇಳಿದ್ರೆ ಆಕ್ಸಿಡೆಂಟ್ ಸುದ್ದಿ ಎಲ್ಲರಿಗಿಂತ ಮೊದಲು ನಮಗೇ ಅಂತ. ನನಗೂ ಇತ್ತು. ಹಿರಿಯ ವರದಿಗಾರರೊಬ್ಬರು 'ಸುದ್ದಿ ಮಾಡೋಕೆ ಹೋಗಿ ನೀನೇ ಸುದ್ದಿ ಆಗ್ತೀಯ' ಅಂದಮೇಲೆ ಬಿಟ್ಟೆ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅನಧಿಕೃತವಾಗಿ ಬೇರೆಯವರ ಸಂದೇಶ ಕದ್ದು ಕೇಳಿದರೆ ಮೂರು ವರ್ಷದ ತನಕ ಜೈಲು, ಎರಡು ಕೋಟಿ ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ವೈರ್‌ಲೆಸ್ ಸೆಟ್ಟಿಗೆ ಲೈಸೆನ್ಸ್ ಬೇಕು ಅನ್ನೋದು ಹೊಸದೇನಲ್ಲ, 1933ರ ಕಾಯ್ದೆಯ ಕಾಲದಿಂದ ಇದೆ. ನಮ್ಮ ಅಜ್ಜಂದಿರು ಮನೆ ರೇಡಿಯೊಗೇ ಪೋಸ್ಟ್ ಆಫೀಸಲ್ಲಿ ದುಡ್ಡು ಕಟ್ಟಿ ಲೈಸೆನ್ಸ್ ಪುಸ್ತಕಕ್ಕೆ ಸೀಲ್ ಹಾಕಿಸ್ಕೊಳ್ತಿದ್ದರು. ಅದು ನಿಂತಿದ್ದು 1980ರ ದಶಕದಲ್ಲಿ. ಈಗ ಆಕಾಶವಾಣಿ, ಎಫ್‌ಎಂ ಕೇಳೋಕೆ ಯಾರ ಅಪ್ಪಣೆಯೂ ಬೇಡ.

ವಾಕಿಟಾಕಿ ಮಾರೋ ಅಂಗಡಿಯವರು ಗಮನಿಸಿ. 446.0ರಿಂದ 446.2 ಮೆಗಾಹರ್ಟ್ಸ್ ಒಳಗಿನ ಕಡಿಮೆ ಶಕ್ತಿಯ ಸೆಟ್ಟಿಗೆ ಮಾತ್ರ ಲೈಸೆನ್ಸಿನಿಂದ ವಿನಾಯಿತಿ ಇದೆ, ಅದಕ್ಕೂ ಸರ್ಕಾರದ ಮಾದರಿ ಅನುಮೋದನೆ ಇರಬೇಕು. ಎಲ್ಲ ಫ್ರೀಕ್ವೆನ್ಸಿಗೂ ತಿರುಗಿಸಬಹುದಾದ ಅಗ್ಗದ 5 ವ್ಯಾಟಿನ ಸೆಟ್ಟುಗಳು ಈ ವಿನಾಯಿತಿಗೆ ಬರಲ್ಲ. ಇಂಥ ಮಾರಾಟದ ಬಗ್ಗೆಯೇ 2025ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 13 ಆನ್‌ಲೈನ್ ಮಾರಾಟ ಕಂಪನಿಗಳಿಗೆ ನೋಟಿಸ್ ಕೊಟ್ಟಿತ್ತು. ಆಸಕ್ತಿ ನಿಜವಾಗ್ಲೂ ಇದ್ದರೆ ಹ್ಯಾಮ್ ರೇಡಿಯೊ ಪರೀಕ್ಷೆ ಬರೆದು ಲೈಸೆನ್ಸ್ ತಗೋಬಹುದು, 12 ವರ್ಷ ತುಂಬಿದ ಮಕ್ಕಳೂ ಬರೀಬಹುದು.

ಹೊಗೆ ಬಂದರೆ

ನಾನು ಮಾಡಿದ್ದನ್ನ ಮಾಡಬೇಡಿ. ಗಾಡಿ ಪಕ್ಕಕ್ಕೆ ಹಾಕಿ, ಕೀ ಆಫ್ ಮಾಡಿ, ಎಲ್ಲರನ್ನೂ ಇಳಿಸಿ. ಸುಡ್ತಿರೋ ವೈರನ್ನ ಬರಿಗೈಯಲ್ಲಿ ಮುಟ್ಟಬೇಡಿ. ಬೆಂಕಿ ಕಾಣ್ತಿಲ್ಲ, ಬರೀ ಹೊಗೆ ಅಂದ್ರೆ ಮಾತ್ರ ಬಾನೆಟ್ ಎತ್ತಿ ನೆಗೆಟಿವ್ ಟರ್ಮಿನಲ್ ಬಿಚ್ಚಬಹುದು. ಬಾನೆಟ್ ಒಳಗೆ ಬೆಂಕಿ ಕಂಡರೆ ಎತ್ತಬೇಡಿ, ಗಾಳಿ ಸಿಕ್ಕಿ ಭಗ್ ಅನ್ನುತ್ತೆ. ದೂರ ನಿಂತು 112ಕ್ಕೆ ಫೋನ್ ಮಾಡಿ.

ನಿಮ್ಮ ಗಾಡಿಯಲ್ಲಿ ಯಾರೋ ಹಿಂದೆ ಎಳೆದ ವೈರ್ ಇದ್ದರೆ, ಬಾನೆಟ್ ಎತ್ತಿ ಬ್ಯಾಟರಿ ಪಾಸಿಟಿವ್‌ನಿಂದ ಹೊರಡೋ ಪ್ರತಿ ತೆಳು ವೈರಿನ ಮೇಲೂ ಒಂದು ಗೇಣು ಅಳೆದು ನೋಡಿ. ಫ್ಯೂಸ್ ಕಾಣಲಿಲ್ಲ ಅಂದ್ರೆ ಇವತ್ತೇ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ.

ಮಾವ ಎರಡು ವಾರ ನನ್ನ ಜೊತೆ ಮಾತಾಡಲಿಲ್ಲ. ಈಗ ಕಾರಲ್ಲಿ ಹೊಸ ಸಾಕೆಟ್ ಇದೆ, ರೇಡಿಯೊನೂ ಅದರಲ್ಲೇ ಓಡುತ್ತೆ. ನಾನು ಬಾನೆಟ್ ಹತ್ತಿರ ಹೋದರೆ ಮಾತ್ರ 'ಲೇ, ಈ ಕಡೆ ಬಾ' ಅಂತಾರೆ.